ಎರಡೂ ಕಡೆಯವರು ಒಪ್ಪಿದ ಮನುಷ್ಯ

ಐಮಂಗಲದ ಹತ್ತಿರ ಹೆದ್ದಾರಿ ಬಿಟ್ಟು ಒಳಕ್ಕೆ ಮೂರು ಮೈಲಿ ಹೋದರೆ ಒಂದು ಹಟ್ಟಿ ಸಿಗುತ್ತದೆ. ಅದಕ್ಕೆ ಸರ್ಕಾರ ಕೊಟ್ಟ ಹೆಸರಿದೆ, ಹೆಸರಿನ ಬೋರ್ಡೂ ಇದೆ. ಆದರೆ ಹಿರಿಯೂರಿನ ಸಂತೆಯಲ್ಲಿ ಕುರಿ ಮಾರುವವರನ್ನು ಕೇಳಿ ನೋಡಿ, ‘ಮಾರಣ್ಣನ ಹಟ್ಟಿ’ ಅಂದರೆ ಮಾತ್ರ ದಾರಿ ತೋರಿಸುತ್ತಾರೆ. ಮಾರಣ್ಣ ದೊಡ್ಡ ಮನೆ ಕಟ್ಟಿಸಿದವನಲ್ಲ, ಪಂಚಾಯ್ತಿ ಮೆಂಬರೂ ಆದವನಲ್ಲ. ಕುರಿಯ ಮುಖ ನೋಡಿ ಅದರ ತಾಯಿ ಯಾವುದು, ಅಜ್ಜಿ ಯಾರ ಹಿಂಡಿನದು ಅಂತ ಹೇಳುತ್ತಿದ್ದ. ಅವನ ಆಸ್ತಿ ಅಂದರೆ ಅದೊಂದೇ.

ಹುಡುಗಾಟದ ಮಾತಲ್ಲ ಇದು. ಒಂದು ಸಲ ಸಂತೆಯಲ್ಲಿ ಕಳುವಾದ ಕುರಿಯೊಂದನ್ನು ಇನ್ನೂರು ಕುರಿಗಳ ನಡುವಿನಿಂದ ಎಳೆದು ತಂದು, ಇದು ಇಂಥವರ ಮನೆಯದು ಅಂತ ಹೇಳಿದ್ದ. ಕದ್ದವನು ಅಲ್ಲೇ ಕಾಲಿಗೆ ಬಿದ್ದಿದ್ದ. ಅಣ್ಣತಮ್ಮಂದಿರು ಹಿಂಡು ಹಂಚಿಕೊಳ್ಳುವಾಗ, ಮೇವಿಗೆ ವಲಸೆ ಹೋದ ಹಿಂಡುಗಳು ದಾರಿಯಲ್ಲಿ ಕಲೆತುಹೋದಾಗ, ಮಾರಣ್ಣನಿಗೆ ಹೇಳಿಕಳಿಸುತ್ತಿದ್ದರು. ಅವನು ಹೋಗಿ, ಹೆಗಲ ಮೇಲಿನ ಕಂಬಳಿ ಕೆಳಗಿಟ್ಟು, ಒಂದೊಂದೇ ಕುರಿಯ ಗದ್ದ ಹಿಡಿದು ಎತ್ತಿ, ‘ಇದು ಈ ಕಡೆ, ಅದು ಆ ಕಡೆ’ ಅನ್ನುತ್ತಿದ್ದ. ಮುಗಿಯಿತು. ಅದಕ್ಕೆ ಎದುರು ಮಾತಿರಲಿಲ್ಲ.

ಇಂಥ ಮನುಷ್ಯನಿಗೆ ಕಣ್ಣು ಹೋಗಬೇಕೆ? ಹೋಯಿತು. ಎರಡೂ ಕಣ್ಣಿಗೆ ಪೊರೆ ಬಂತು. ಮೊದಲು ಮಂಜು ಮಂಜಾಯಿತು, ಆಮೇಲೆ ಬಿಸಿಲಲ್ಲಿ ನಿಂತರೆ ಎದುರಿನವರ ಮುಖದ ಜಾಗದಲ್ಲಿ ಬೆಳ್ಳಗಿನ ಬೆಳಕು ಬಿಟ್ಟರೆ ಬೇರೇನೂ ಇಲ್ಲ. ಪೊರೆ ತೆಗೆಸುವುದು ಈ ಕಾಲದಲ್ಲಿ ದೊಡ್ಡ ವಿಷಯವೇ ಅಲ್ಲ, ಬೆಳಿಗ್ಗೆ ಹೋದರೆ ಸಂಜೆಗೆ ಮನೆ. ಆದರೆ ತೆಗೆಸಬೇಕಾದರೆ ಮೊದಲು ಬಂದಿದೆ ಅಂತ ಒಪ್ಪಿಕೊಳ್ಳಬೇಕಲ್ಲ! ಅದು ಈ ಮಹಾರಾಯನಿಂದ ಆಗಲಿಲ್ಲ. ದನಿಯಿಂದ ಜನರನ್ನು ಗುರುತಿಸುತ್ತಿದ್ದ, ನಡಿಗೆಯ ಸದ್ದಿನಿಂದ ಗುರುತಿಸುತ್ತಿದ್ದ, ಗೊತ್ತಾಗದಿದ್ದರೆ ನಕ್ಕು ತಲೆಯಾಡಿಸುತ್ತಿದ್ದ. ಗೊತ್ತಿದ್ದದ್ದು ಹೆಂಡತಿ ದ್ಯಾಮಮ್ಮನಿಗೊಬ್ಬಳಿಗೆ. ಚೊಂಬಿನ ಪಕ್ಕಕ್ಕೆ ನೀರು ಸುರಿಯುವ ಗಂಡನನ್ನು ಕಂಡರೆ ಯಾವ ಹೆಂಗಸಿಗೆ ಗೊತ್ತಾಗುವುದಿಲ್ಲ?

‘ಆಸ್ಪತ್ರಿಗೆ ಹೋಗಾಣ ಬರ್ರಿ’ ಅಂತ ಅವಳು ವರ್ಷದಿಂದ ಬಡಕೊಳ್ಳುತ್ತಿದ್ದಳು.

‘ನನ್ ಕಣ್ಣಿಗೇನಾಗೈತೆ? ಸುಮ್ನಿರು’ ಅಂತ ಇವನು ಸಿಡುಕುತ್ತಿದ್ದ.

ಇಂಥ ಹೊತ್ತಿನಲ್ಲೇ ಬರಗೇರಮ್ಮನ ಕೇಸು ಬಂದದ್ದು.

ಬರಗೇರಮ್ಮ ತುರುವನೂರು ಕಡೆಯ ಹೆಣ್ಣು. ಮಾರಣ್ಣನ ಪಕ್ಕದ ಹಟ್ಟಿಗೆ ಸೊಸೆಯಾಗಿ ಬಂದಾಗ ತವರಿನವರು ಬಳುವಳಿಯಾಗಿ ಮೂರು ಹೆಣ್ಣು ಕುರಿ ಕೊಟ್ಟಿದ್ದರು. ಬಳುವಳಿಯ ಕುರಿಯೂ ಅದರ ಸಂತಾನವೂ ಹೆಣ್ಣಿನದೇ, ಗಂಡನ ಮನೆಯವರು ಅದಕ್ಕೆ ಕೈ ಹಾಕುವಂತಿಲ್ಲ. ಇದು ಆ ಜನರಲ್ಲಿ ಹಿಂದಿನಿಂದ ನಡೆದುಬಂದ ರೂಢಿ. ಇಪ್ಪತ್ತು ವರ್ಷದಲ್ಲಿ ಆ ಮೂರು ಕುರಿ ಐವತ್ತನಾಲ್ಕಾಗಿದ್ದವು. ಆದರೆ ಅವು ಮೇಯುತ್ತಿದ್ದದ್ದು ಗಂಡನ ಹಿಂಡಿನ ಜೊತೆಗೆ, ಮಲಗುತ್ತಿದ್ದದ್ದು ಒಂದೇ ರೊಪ್ಪದಲ್ಲಿ. ಎಲ್ಲಕ್ಕೂ ಒಂದೇ ಕಿವಿ ಗುರುತು. ಇಲಾಖೆಯವರು ಹಾಕುವ ಹಳದಿ ಬಿಲ್ಲೆಯನ್ನಾದರೂ ಅವಳ ಹೆಸರಿನಲ್ಲಿ ಹಾಕಿಸಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಿರಲಿಲ್ಲ. ಮನೆಯೊಳಗೆ ಯಾರು ಅದನ್ನೆಲ್ಲ ಯೋಚಿಸುತ್ತಾರೆ?

ಗಂಡ ಲಾರಿ ಬಡಿದು ಸತ್ತ. ಹಿಂಡು ಮೈದುನ ತಿಪ್ಪಯ್ಯನ ಕೈಗೆ ಹೋಯಿತು. ಅವನೇನು ದುಷ್ಟನಲ್ಲ, ಕುರಿಯ ಹಿಂದೆ ಬಿಸಿಲಲ್ಲಿ ತಿರುಗಿ ಕರ್ರಗಾದ ಸಾಮಾನ್ಯ ಮನುಷ್ಯ. ಅತ್ತಿಗೆಗೆ ಬರಬೇಕಾದದ್ದು ಹತ್ತೋ ಹದಿನೈದೋ ಇರಬೇಕು ಅಂತ ಅವನು ನಿಜವಾಗಿಯೂ ನಂಬಿದ್ದ. ಇವಳು ಐವತ್ತನಾಲ್ಕು ಅಂದಳು. ಮಾತಿಗೆ ಮಾತು ಬೆಳೆದು, ಎರಡು ವರ್ಷ ಮುಖ ನೋಡದಂತಾಗಿ, ಕೊನೆಗೆ ಹಿರಿಯೂರಿನ ಸಿವಿಲ್ ಕೋರ್ಟಿಗೆ ಹೋಯಿತು. ಆಕೆಯ ಪರ ಜಯಶೀಲಾ ಅಂತ ವಕೀಲೆ, ಅವನ ಪರ ಪ್ರಭುಲಿಂಗ ಅಂತ ವಕೀಲರು.

ಕುರಿಗಳ ಸಂತಾನವನ್ನು ಯಾವ ದಾಖಲೆಯಲ್ಲಿ ಹುಡುಕುವುದು? ಈ ಕಡೆಯ ಸಾಕ್ಷಿ ಬಂದು ಅವಳದೇ ಅಂದ. ಆ ಕಡೆಯ ಸಾಕ್ಷಿ ಬಂದು ಅವನದೇ ಅಂದ. ನ್ಯಾಯಾಧೀಶರಿಗೆ ಬೇಸರವಾಯಿತು. ‘ಒಬ್ಬೊಬ್ಬರು ಒಂದೊಂದು ಹೇಳುವವರನ್ನು ಕರೆತಂದರೆ ನಾನು ಯಾರನ್ನು ನಂಬಲಿ? ಕುರಿ ಬಲ್ಲವನು, ನಿಮ್ಮಿಬ್ಬರಿಗೂ ಒಪ್ಪಿಗೆಯಾದವನು ಒಬ್ಬನೇ ಒಬ್ಬನ ಹೆಸರು ಹೇಳಿ. ಅವನು ನೋಡಿ ವರದಿ ಕೊಡಲಿ’ ಅಂದರು.

ಎರಡು ವರ್ಷದಿಂದ ಒಂದಕ್ಕೂ ಒಪ್ಪದ ಆ ಇಬ್ಬರು, ಅವತ್ತು ಒಂದೇ ಉಸಿರಿನಲ್ಲಿ ‘ಮಾರಣ್ಣ ಮಾವ’ ಅಂದರಂತೆ. ಇಬ್ಬರೂ ವಕೀಲರು ಒಂದೇ ಹಾಳೆಗೆ ಸಹಿ ಹಾಕಿ ಜಂಟಿ ಮೆಮೊ ಕೊಟ್ಟರು. ಕೋರ್ಟು ಮಾರಣ್ಣನನ್ನು ಕಮಿಷನರ್ ಅಂತ ನೇಮಿಸಿತು. ಸೀಲು ಹಾಕಿದ ಆದೇಶ ಹಟ್ಟಿಗೆ ಬಂತು.

ಆ ಕಾಗದವನ್ನು ಹಟ್ಟಿಯವರೆಲ್ಲ ಕೈಯಿಂದ ಕೈಗೆ ದಾಟಿಸಿ ನೋಡಿದರು. ಓದಿ ಹೇಳಿದವರು ‘ಕಮಿಷನರ್ ಸಾಹೇಬ್ರು’ ಅಂತ ತಮಾಷೆ ಮಾಡಿದರು. ಮಾರಣ್ಣನೂ ಅದನ್ನು ಮುಖದ ಹತ್ತಿರ ಹಿಡಿದ. ಹಾಳೆ ಬೆಳ್ಳಗಿದೆ ಅನ್ನುವುದಷ್ಟೇ ಅವನಿಗೆ ಕಂಡದ್ದು.

‘ಕಣ್ಣು ಕಾಣಲ್ಲ ಅಂತ ಕೋರ್ಟಿಗೆ ಹೇಳಿಬಿಡ್ರಿ’ ಅಂದಳು ದ್ಯಾಮಮ್ಮ. ‘ಅದ್ರಾಗೇನು ಮರ್ಯಾದಿ ಹೋಗೋದೈತೆ? ವಯಸ್ಸಾದೋರ್ಗೆ ಬರ್ತೈತೆ.’

‘ಕೈಯಾಗ್ ಮುಟ್ಟಿದ್ರೆ ಸಾಕು ನಂಗೆ, ಗೊತ್ತಾಗ್ತೈತೆ’ ಅಂದ ಮಾರಣ್ಣ.

ಸುಳ್ಳು. ಅದು ಸುಳ್ಳು ಅಂತ ಅವನಿಗೇ ಗೊತ್ತಿತ್ತು. ಮುಟ್ಟಿದರೆ ವಯಸ್ಸು ಗೊತ್ತಾಗುತ್ತದೆ, ಗಬ್ಬವಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಆದರೆ ಬರಗೇರಮ್ಮನ ಕುರಿಗಳ ಗುರುತು ಇದ್ದದ್ದು ಕಣ್ಣಿನ ಸುತ್ತ. ತುರುವನೂರಿನಿಂದ ಬಂದ ಆ ಮೂರು ಕುರಿಗಳಿಗೆ ಕಣ್ಣಿನ ಅಂಚಿನಲ್ಲಿ ಕೆಂಚು ಗೆರೆ ಇತ್ತು. ತಾಯಿ ಕಡೆಯಿಂದ ಬಂದರೆ ಗೆರೆ ಕೆಳರೆಪ್ಪೆಯ ಉದ್ದಕ್ಕೂ ಕಡಿಯದೆ ಹರಿದಿರುತ್ತದೆ, ಟಗರಿನ ಕಡೆಯಿಂದ ಬಂದರೆ ನಡುವೆ ಕಡಿದಿರುತ್ತದೆ ಅನ್ನುವುದು ಮಾರಣ್ಣನ ಲೆಕ್ಕ. ಇದು ಯಾವ ಪುಸ್ತಕದಲ್ಲೂ ಇಲ್ಲ. ಅವನಿಗೆ ಗೊತ್ತಿತ್ತು, ಕುರಿಗಳ ಜೊತೆ ಇಪ್ಪತ್ತು ವರ್ಷ ಇದ್ದ ಬರಗೇರಮ್ಮನಿಗೆ ಗೊತ್ತಿತ್ತು. ಅವಳಂತೂ ಗೆರೆಯನ್ನೂ ನೋಡಬೇಕಿರಲಿಲ್ಲ, ಮಕ್ಕಳನ್ನು ಕರೆದಂತೆ ಒಂದೊಂದನ್ನೂ ಹೆಸರಿಟ್ಟು ಕರೆಯುತ್ತಿದ್ದಳು.

ಗೊತ್ತುಮಾಡಿದ ದಿನ ಹನ್ನೊಂದು ಗಂಟೆಗೆ ಎಲ್ಲರೂ ತಿಪ್ಪಯ್ಯನ ರೊಪ್ಪದ ಹತ್ತಿರ ಸೇರಿದರು. ಇಬ್ಬರು ವಕೀಲರು, ಬರೆದುಕೊಳ್ಳಲು ಒಬ್ಬ ಗುಮಾಸ್ತ, ಸುತ್ತ ಹಟ್ಟಿಯ ಜನ. ಬಿಸಿಲೋ ಬಿಸಿಲು. ಬರಗೇರಮ್ಮ ಬಂದವಳೇ ‘ಚೆನ್ನಾಗಿದೀಯಾ ಮಾವ?’ ಅಂತ ಕೇಳಿ, ಸೆರಗು ಹೊದ್ದು ಬೇಲಿಯ ಹತ್ತಿರ ನಿಂತಳು. ಯಾರೂ ಮಧ್ಯೆ ಮಾತಾಡಬಾರದು ಅಂತ ಜಯಶೀಲಾ ಮೇಡಂ ಮೊದಲೇ ಎಚ್ಚರಿಸಿದರು.

ತಿಪ್ಪಯ್ಯ ಮೊದಲನೇ ಕುರಿ ಹಿಡಿದು ತಂದ. ಮಾರಣ್ಣ ಗದ್ದ ಎತ್ತಿದ. ಬಗ್ಗಿದ. ಮೂಗಿಗೆ ಮೂಗು ತಾಗುವಷ್ಟು ಬಗ್ಗಿದ. ಕರ್ರಗಿನದೊಂದು ಮುದ್ದೆ ಕಂಡಿತು, ಕಣ್ಣು ಎಲ್ಲಿದೆ ಅನ್ನುವುದೂ ಸರಿಯಾಗಿ ಕಾಣಲಿಲ್ಲ. ‘ನಂಗೆ ಕಾಣ್ತಿಲ್ಲ ಕಣ್ರಪ್ಪ’ ಅಂತ ಹೇಳಿ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟಿದ್ದರೆ ಈ ಕಥೆ ಇಲ್ಲಿಗೆ ಮುಗಿದು ಎಲ್ಲರೂ ಊಟಕ್ಕೆ ಹೋಗುತ್ತಿದ್ದರು. ಹೇಳಲಿಲ್ಲ. ಸುತ್ತ ಜನ ಉಸಿರು ಬಿಗಿಹಿಡಿದು ತನ್ನನ್ನೇ ನೋಡುತ್ತಿದ್ದಾರೆ ಅನ್ನುವುದು ಕಣ್ಣಿಲ್ಲದೆಯೂ ಅವನಿಗೆ ಗೊತ್ತಾಗುತ್ತಿತ್ತು.

ಆಗ ಅವನ ಕೈಗೆ ಒಂದು ಸಂಗತಿ ತಿಳಿಯಿತು. ಕುರಿ ಅಲ್ಲಾಡದೆ ನಿಂತಿತ್ತು. ಒಡೆಯನ ಕೈಯಲ್ಲಿ ಕುರಿ ಸುಮ್ಮನೆ ನಿಲ್ಲುತ್ತದೆ, ಬೇರೆಯವರು ಹಿಡಿದರೆ ಒದ್ದಾಡುತ್ತದೆ ಅನ್ನುವುದು ಕುರಿ ಕಾಯುವ ಮಗುವಿಗೂ ಗೊತ್ತು. ಸರಿ, ಮುಳುಗುವವನಿಗೆ ಕಡ್ಡಿ ಸಿಕ್ಕಿತು.

‘ತಿಪ್ಪಯ್ಯಂದು’ ಅಂದ ಮಾರಣ್ಣ.

ಎರಡನೆಯದೂ ಸುಮ್ಮನೆ ನಿಂತಿತು. ‘ತಿಪ್ಪಯ್ಯಂದು.’ ಮೂರನೆಯದು, ನಾಲ್ಕನೆಯದು, ಐದನೆಯದು. ಆರನೆಯದು ಒಂದಿಷ್ಟು ಕೊಸರಾಡಿತು. ‘ಬರಗೇರಮ್ಮಂದು’ ಅಂದ. ಗುಮಾಸ್ತ ಬರೆದುಕೊಂಡ. ಮಾರಣ್ಣ ಪ್ರತಿ ಸಲವೂ ಬಗ್ಗುತ್ತಿದ್ದ, ರೆಪ್ಪೆಯ ಹತ್ತಿರ ಹೆಬ್ಬೆರಳು ಇಡುತ್ತಿದ್ದ, ತಲೆ ಆಡಿಸುತ್ತಿದ್ದ. ನಾಟಕ ಅಂದರೆ ನಾಟಕ!

ಮೂವತ್ತನೆಯದೋ ಮೂವತ್ತೆರಡನೆಯದೋ ಬಂದಾಗ ಅವನಿಗೆ ತಟ್ಟನೆ ಹೊಳೆಯಿತು. ಎರಡು ವರ್ಷದಿಂದ ಈ ಹಿಂಡು ಪೂರ್ತಿ ತಿಪ್ಪಯ್ಯನ ಕೈಯಲ್ಲೇ ಇದೆಯಲ್ಲ! ಯಾರದಾದರೇನು, ಅವನು ಹಿಡಿದರೆ ಎಲ್ಲವೂ ಸುಮ್ಮನೇ ನಿಲ್ಲುತ್ತವೆ. ಒದ್ದಾಡುವುದು ಪುಕ್ಕಲು ಕುರಿಗಳು ಮಾತ್ರ. ಇಷ್ಟು ಹೊತ್ತು ತಾನು ಹೇಳಿದ್ದೆಲ್ಲ ಬರೀ ಬೊಗಳೆ.

ಅಷ್ಟರಲ್ಲಿ ಬೇಲಿಯ ಕಡೆಯಿಂದ ಬರಗೇರಮ್ಮನ ದನಿ ಬಂತು. ‘ಮಾವ, ಅದ್ರ ಕಣ್ಣು ಸ್ವಲ್ಪ ನೋಡು ಮಾವ. ಅದು ನಮ್ ಗೌರಿ.’

‘ಮಾತಾಡಬಾರದು’ ಅಂದರು ಪ್ರಭುಲಿಂಗ ವಕೀಲರು.

ಮಾರಣ್ಣ ಮತ್ತೆ ಬಗ್ಗಿದ. ಬಿಸಿಲು ಕಣ್ಣಿಗೆ ರಾಚುತ್ತಿತ್ತು. ಏನೂ ಕಾಣಲಿಲ್ಲ.

‘ನೋಡ್ದೆ ತಾಯಿ’ ಅಂದ. ‘ತಿಪ್ಪಯ್ಯಂದು.’

ಹೇಳಿದ್ದು ಹೇಳಿಯಾಯಿತು. ಈಗ ತಪ್ಪಾಯಿತು ಅಂದರೆ ಮೂವತ್ತು ಕುರಿಯ ಸುಳ್ಳು ಹೊರಬರುತ್ತದೆ. ಅದಕ್ಕಿಂತ ಇನ್ನು ತೊಂಬತ್ತು ಕುರಿಯ ಸುಳ್ಳು ಹೇಳುವುದೇ ಅವನಿಗೆ ಸುಲಭ ಅನ್ನಿಸಿತು. ಥೂ! ಆಮೇಲೆ ಅವನೇ ತನಗೆ ತಾನೇ ಎಷ್ಟೋ ಸಲ ಹಾಗೆ ಉಗಿದುಕೊಂಡ. ಆದರೆ ಆ ಹೊತ್ತಿನಲ್ಲಿ ಉಗಿದುಕೊಳ್ಳಲಿಲ್ಲ. ಸಂಜೆಗೆ ನೂರ ಇಪ್ಪತ್ತಾರು ಕುರಿ ಮುಗಿದವು. ಬರಗೇರಮ್ಮನ ಪಾಲಿಗೆ ಹನ್ನೊಂದು. ತಿಪ್ಪಯ್ಯನೂ ಬೆಪ್ಪಾಗಿ ನಿಂತಿದ್ದ. ಅವನ ಲೆಕ್ಕಕ್ಕಿಂತಲೂ ಕಡಿಮೆಯೇ ಅದು. ಆದರೆ ಮಾರಣ್ಣ ಮಾವ ಹೇಳಿದ ಮೇಲೆ ಅವನು ತಾನೇ ಏನು ಹೇಳಿಯಾನು? ಬರಗೇರಮ್ಮ ಅಳಲಿಲ್ಲ, ಜಗಳ ಆಡಲಿಲ್ಲ. ತವರಿಗೆ ಹೋಗುವ ಬಸ್ಸಿಗೆ ಹೊತ್ತಾಯಿತು ಅಂತ ಹೊರಟುಹೋದಳು.

ಮುಂದಿನ ತಿಂಗಳು ಕೋರ್ಟಿನಲ್ಲಿ ವರದಿ ಓದಿದರು. ಮಾರಣ್ಣನನ್ನು ಕಟಕಟೆಗೆ ಹತ್ತಿಸಿ ಪ್ರಮಾಣ ಮಾಡಿಸಿದರು. ಪ್ರಭುಲಿಂಗ ವಕೀಲರು ಕೇಳಿದ್ದು ಒಂದೇ ಪ್ರಶ್ನೆ. ‘ಪ್ರತಿಯೊಂದು ಕುರಿಯ ಮುಖವನ್ನೂ ಕಣ್ಣಾರೆ ನೋಡಿಯೇ ಹೇಳಿದ್ದೀರಾ?’

‘ಹೂಂ ಸ್ವಾಮಿ.’

ಜಯಶೀಲಾ ಮೇಡಂ ಎದ್ದು ನಿಂತರು. ಅವರಿಗೆ ಆ ಹನ್ನೊಂದರ ಲೆಕ್ಕ ಗಂಟಲಲ್ಲಿ ಇಳಿದಿರಲಿಲ್ಲ. ಪಾಟಿ ಸವಾಲಿಗೆ ಒಂದು ಪುಟ ಬರೆದುಕೊಂಡು ಬಂದಿದ್ದರು. ಆಗ ಹಿಂದಿನ ಬೆಂಚಿನಿಂದ ಬರಗೇರಮ್ಮ ಎದ್ದು ಬಂದು ಅವರ ಕರಿ ಕೋಟಿನ ತೋಳು ಹಿಡಿದಳು. ಅವಳು ಪಿಸುಗುಟ್ಟಿದ್ದು ಕಟಕಟೆಯಲ್ಲಿದ್ದ ಮಾರಣ್ಣನಿಗೂ ಕೇಳಿಸಿತು. ಕಣ್ಣು ಹೋದವನಿಗೆ ಕಿವಿ ಚುರುಕಲ್ಲವೆ?

‘ಬ್ಯಾಡ್ರಿ ಮೇಡಂ. ನಾವೇ ಒಪ್ಕಂಡು ಕರ್ಸಿದೋರು. ವಯಸ್ಸಾದ ಮನುಷ್ಯನ್ನ ಇಷ್ಟು ಜನದ ಮುಂದೆ ಸುಳ್ಳುಗಾರ ಅನ್ನೋ ಹಂಗೆ ಕೇಳಬ್ಯಾಡ್ರಿ. ಮಾವ ಅಂಥೋನಲ್ಲ.’

ಮೇಡಂ ಬರೆದು ತಂದಿದ್ದ ಹಾಳೆ ಮಡಚಿ, ‘ಪ್ರಶ್ನೆಗಳಿಲ್ಲ’ ಅಂತ ಕೂತರು. ಮಾರಣ್ಣ ಕಟಕಟೆ ಇಳಿದ. ಮೆಟ್ಟಿಲು ಕಾಣದೆ ಎಡವಿದ. ತೋಳು ಹಿಡಿದು ನಿಲ್ಲಿಸಿದವಳು ಬರಗೇರಮ್ಮನೇ. ‘ಮೆತ್ತಗೆ ಮಾವ’ ಅಂದಳು. ಆ ಕೈಯನ್ನು ಕೊಡವಿ ಓಡಿಹೋಗಬೇಕು ಅನ್ನಿಸಿತು ಅವನಿಗೆ.

ಕೇಸು ವಾದಕ್ಕೆ ಎರಡು ತಿಂಗಳು ಮುಂದಕ್ಕೆ ಹೋಯಿತು. ಮಾರಣ್ಣ ಊಟ ಬಿಟ್ಟ. ಸಂತೆಗೆ ಹೋಗುವುದನ್ನು ಬಿಟ್ಟ. ಯಾರಾದರೂ ಕುರಿ ನೋಡಲು ಕರೆದರೆ ಮೈ ಹುಷಾರಿಲ್ಲ ಅನ್ನುತ್ತಿದ್ದ. ದ್ಯಾಮಮ್ಮ ಎಂಟು ದಿನ ನೋಡಿದಳು, ಒಂಬತ್ತನೇ ದಿನ ಅವನ ಅಂಗಿ ಪಂಚೆ ಚೀಲಕ್ಕೆ ತುಂಬಿದಳು. ಹಿರಿಯೂರಿನಲ್ಲೇ ಆಪರೇಷನ್ ಆಗುತ್ತಿತ್ತು, ಚಿತ್ರದುರ್ಗದಲ್ಲೂ ಆಗುತ್ತಿತ್ತು. ಗುರುತಿನವರು ಕಂಡುಬಿಟ್ಟಾರು ಅಂತ ಈ ಪುಣ್ಯಾತ್ಮ ಹೊಸದುರ್ಗದ ಕಣ್ಣಿನ ಶಿಬಿರಕ್ಕೆ ಹೋಗೋಣ ಅಂತ ಹಟ ಹಿಡಿದ. ಕಣ್ಣು ತೋರಿಸಿಕೊಳ್ಳುವುದಕ್ಕೂ ಕಳ್ಳನ ಹಾಗೆ ಹೋದ ನೋಡಿ!

ಪಟ್ಟಿ ಬಿಚ್ಚಿದ ಬೆಳಿಗ್ಗೆ ಅವನು ಮೊದಲು ಕಂಡದ್ದು ದ್ಯಾಮಮ್ಮನ ಮುಖ. ಎಷ್ಟು ಸೊರಗಿದ್ದಳು! ಕೂದಲು ಯಾವಾಗ ಇಷ್ಟು ಬೆಳ್ಳಗಾಯಿತು? ಅವನು ಅತ್ತ. ಕಣ್ಣೀರು ಹಾಕಬಾರದು ಅಂತ ನರ್ಸು ಗದರಿಸಿದರು.

ಮೂರು ವಾರ ಕಳೆದ ಮೇಲೆ, ಕಪ್ಪು ಕನ್ನಡಕ ತೆಗೆಯಬಹುದು ಅಂದ ದಿನವೇ, ಯಾರಿಗೂ ಹೇಳದೆ ತಿಪ್ಪಯ್ಯನ ಹಿಂಡು ಮೇಯುವ ಕಡೆ ಹೋದ. ಹೊಲದ ಬದುವಿನ ಮೇಲೆ ಕೂತ. ಕುರಿಗಳು ಮೇಯುತ್ತ ಮೇಯುತ್ತ ಅವನ ಕಾಲ ಬುಡಕ್ಕೇ ಬಂದವು. ಒಂದು ತಲೆ ಎತ್ತಿ ನೋಡಿತು. ಕೆಳರೆಪ್ಪೆಯ ಉದ್ದಕ್ಕೂ ಕೆಂಚು ಗೆರೆ, ಕಡಿಯದೆ ಹರಿದ ಗೆರೆ. ಪಕ್ಕದ್ದಕ್ಕೂ ಅದೇ ಗೆರೆ. ಅದರ ಹಿಂದಿನ ಮರಿಗೂ ಅದೇ. ಮಾರಣ್ಣ ಎಣಿಸತೊಡಗಿದ. ನಲವತ್ತಮೂರು. ಜೊತೆಗೆ ಅವಳ ಪಾಲಿಗೆ ಅಂತ ಬೇರೆ ಕಟ್ಟಿದ್ದ ಹನ್ನೊಂದರಲ್ಲಿ ಗೆರೆ ಇದ್ದದ್ದು ಎರಡಕ್ಕೆ ಮಾತ್ರ, ಒಂಬತ್ತು ತಿಪ್ಪಯ್ಯನವೇ. ಉಳಿದವನ್ನು ಹುಡುಕಿದ. ದೂರದ ಜಾಲಿಯ ನೆರಳಲ್ಲಿ ಮಲಗಿದ್ದವು ಒಂಬತ್ತು, ಎಲ್ಲಕ್ಕೂ ಗೆರೆ. ನಲವತ್ತಮೂರು, ಎರಡು, ಒಂಬತ್ತು. ಐವತ್ತನಾಲ್ಕು. ಅವಳು ಹೇಳಿದ್ದ ಲೆಕ್ಕಕ್ಕೆ ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ.

ಅಲ್ಲಿಂದ ನೇರ ಎದ್ದು ಹೊಳಲ್ಕೆರೆಯ ದಾರಿ ಹಿಡಿದ. ಎರಡು ಬಸ್ಸು ಬದಲಾಯಿಸಬೇಕು. ಬರಗೇರಮ್ಮ ಈಗ ಅಲ್ಲಿ ಅಡಿಕೆ ಸುಲಿಯುವ ಕೆಲಸಕ್ಕೆ ಸೇರಿದ್ದಾಳೆ ಅಂತ ಯಾರೋ ಹೇಳಿದ್ದರು. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಬಾಯಿಪಾಠ ಮಾಡಿದ.

ಶೆಡ್ಡಿನಲ್ಲಿ ಹೆಂಗಸರ ಸಾಲಿನ ಕೊನೆಯಲ್ಲಿ ಅವಳು ಕೂತಿದ್ದಳು. ಇವನನ್ನು ಕಂಡವಳೇ ಕೈ ಒರೆಸಿಕೊಂಡು ಎದ್ದು ಬಂದಳು. ‘ಅಯ್ಯೋ ಮಾವ, ಇಷ್ಟು ದೂರ ಯಾಕ್ ಬಂದೆ? ಕುಂತ್ಕ. ಚಾ ತರಿಸ್ತೀನಿ’ ಅಂತ ಗಡಿಬಿಡಿ ಮಾಡಿದಳು. ಅವನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಶುರು ಮಾಡಿದಳು.

‘ಮಾವ, ನಾನೇ ಬಂದು ನಿನ್ ಹತ್ರ ತಪ್ಪಾಯ್ತು ಅನ್ಬೇಕು ಅಂತಿದ್ದೆ. ಅವತ್ತು ಗೌರಿ ಗೌರಿ ಅಂತ ನಿನ್ ಕೆಲ್ಸದ ಮಧ್ಯೆ ಬಾಯಿ ಹಾಕ್ದೆ. ಅದು ಗೌರಿ ಅಲ್ಲ ಅಂತ ನೀನು ಹೇಳ್ದಾಗ ನಂಗೆ ದಿಕ್ಕೇ ತೋಚ್ಲಿಲ್ಲ. ನಾನೇ ಹಾಲು ಕುಡಿಸಿ ಸಾಕಿದ್ದು ಮಾವ. ಅದನ್ನೇ ಗುರುತು ಹಿಡೀಲಿಲ್ಲ ಅಂದ್ರೆ ಏನರ್ಥ? ಕಣ್ಣು ಕೆಟ್ಟಿರ್ಬೇಕು ಅಂತ ದುರ್ಗಕ್ಕೆ ಹೋಗಿ ತೋರಿಸ್ದೆ. ಕಣ್ಣು ಸರಿ ಐತಮ್ಮ ಅಂದ್ರು ಡಾಕ್ಟ್ರು. ಹಂಗಾದ್ರೆ ತಲೆನೇ ಕೆಟ್ಟೈತೆ ಅನ್ಕಂಡೆ. ಗಂಡ ಹೋದ್ಮೇಲೆ ಆಸೆ ಹೆಚ್ಚಾಗಿ ಕಂಡ ಕುರಿನೆಲ್ಲ ನಂದು ಅನ್ಕಂಡ್ನೇನೋ. ಇನ್ ನಂಗೆ ಕುರಿ ಸಹವಾಸ ಬ್ಯಾಡ ಮಾವ.’

ಮಾರಣ್ಣನಿಗೆ ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದು ಒಂದು ಅಕ್ಷರವೂ ನೆನಪಾಗಲಿಲ್ಲ. ಅವಳ ಕುರಿ ಹೋಯಿತು ಅಂತ ಅವನು ಅಷ್ಟು ದಿನ ನವೆದಿದ್ದ. ಇಲ್ಲಿ ನೋಡಿದರೆ ಅದೇನೂ ಅಲ್ಲ. ತನ್ನ ಮರ್ಯಾದೆ ಉಳಿಸಿಕೊಳ್ಳಲು ಹೋಗಿ, ಈ ಹೆಣ್ಣಿನಿಂದ ಅವಳಿಗೆ ಅವಳ ಮೇಲೇ ಇದ್ದ ನಂಬಿಕೆಯನ್ನು ಕಿತ್ತುಕೊಂಡುಬಿಟ್ಟಿದ್ದ. ಅವಳು ತನ್ನನ್ನು ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

‘ನಿನ್ ತಲೆ ಸರಿ ಐತೆ ತಾಯಿ’ ಅಂದ. ‘ಕಣ್ಣು ಹೋಗಿದ್ದು ನಂದು. ಅವತ್ತು ನಂಗೆ ಒಂದು ಕುರಿನೂ ಕಾಣ್ಲಿಲ್ಲ. ಅದು ಗೌರಿನೇ. ಈಗ ನೋಡ್ಕಂಡು ಬಂದೀನಿ. ಐವತ್ನಾಕೂ ನಿಂದೇ.’

ಅವಳು ಮೊದಲು ನಕ್ಕಳು. ಸಮಾಧಾನ ಮಾಡಲು ಮುದುಕ ಏನೋ ಹೇಳುತ್ತಿದ್ದಾನೆ ಅಂದುಕೊಂಡಿರಬೇಕು. ಆಮೇಲೆ ಅವನ ಮುಖ ನೋಡಿದಳು. ನಗು ನಿಂತಿತು. ಚಾ ಬಂತು, ಇಬ್ಬರೂ ಮುಟ್ಟಲಿಲ್ಲ. ‘ಪ್ರಮಾಣ ಮಾಡಿ ಹೇಳ್ದ್ಯಲ್ಲ ಮಾವ’ ಅಂದಳು ಸಣ್ಣ ದನಿಯಲ್ಲಿ. ಅಷ್ಟೇ. ಹೋಗಿ ಮತ್ತೆ ಸಾಲಿನಲ್ಲಿ ಕೂತು ಅಡಿಕೆ ಸುಲಿಯತೊಡಗಿದಳು. ಅವನು ಹೊರಡುವವರೆಗೂ ತಲೆ ಎತ್ತಲಿಲ್ಲ.

ಮರುದಿನವೇ ಮಾರಣ್ಣ ಜಯಶೀಲಾ ಮೇಡಂ ಮುಂದೆ ಹೋಗಿ ಎಲ್ಲ ಹೇಳಿದ. ‘ನೀವು ಮಾಡಿರೋದು ಏನು ಅಂತ ಗೊತ್ತೇನ್ರಿ?’ ಅಂತ ಅವರು ಟೇಬಲ್ ಕುಟ್ಟಿದರು. ಆಮೇಲೆ ಅರ್ಜಿ ಬರೆದರು. ಕೇಸು ಕರೆದ ದಿನ ಅವನು ಮತ್ತೆ ಅದೇ ಕಟಕಟೆ ಹತ್ತಿದ. ಈ ಸಲ ಎಲ್ಲ ಕಾಣುತ್ತಿತ್ತು. ನ್ಯಾಯಾಧೀಶರ ಹಣೆಯ ಗೆರೆ ಕಾಣುತ್ತಿತ್ತು, ಬೆಂಚಿನ ಮೇಲೆ ತುಂಬಿದ್ದ ಹಟ್ಟಿಯವರ ಒಂದೊಂದು ಮುಖವೂ ಕಾಣುತ್ತಿತ್ತು. ಕಾಣದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

‘ನಂಗೆ ಆಗ ಕಣ್ಣು ಕಾಣ್ತಿರಲಿಲ್ಲ ಸ್ವಾಮಿ. ನೋಡ್ದೆ ಅಂತ ಸುಳ್ಳು ಹೇಳ್ದೆ.’

ಹಿಂದೆ ಗುಜುಗುಜು ಎದ್ದಿತು. ಯಾರೋ ‘ಏ ಹೋಗಲೇ’ ಅಂದರು. ನಾಚಿಕೆಯಿಂದ ಅವನ ಕುತ್ತಿಗೆ ಮೇಲೇಳಲಿಲ್ಲ.

‘ಎರಡೂ ಕಡೆಯವರು ಒಪ್ಪಿ ಕರೆದವರು ನೀವು’ ಅಂದರು ನ್ಯಾಯಾಧೀಶರು. ‘ಒಂದು ಕಡೆಯ ಸಾಕ್ಷಿ ಸುಳ್ಳು ಹೇಳಿದರೆ ಇನ್ನೊಂದು ಕಡೆಯವನು ಹಿಡಿಯುತ್ತಾನೆ. ನಿಮ್ಮನ್ನು ಹಿಡಿಯುವುದಕ್ಕೆ ಯಾರೂ ಇರಲಿಲ್ಲ. ಗೊತ್ತಿತ್ತೆ?’

‘ಗೊತ್ತಿತ್ತು ಸ್ವಾಮಿ. ಜೈಲಿಗೆ ಹಾಕ್ರಿ.’

ಹಾಕಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನ್ಯಾಯಾಧೀಶರು, ತಾನಾಗಿ ಬಂದು ಹೇಳಿದ್ದಾನೆ, ವಯಸ್ಸಾಗಿದೆ, ಇಳಿದು ಹೋಗಲಿ ಅಂದರು. ವರದಿಯನ್ನು ತಳ್ಳಿಹಾಕಿದರು. ಮತ್ತೊಬ್ಬರ ಹೆಸರು ಹೇಳಿ ಅಂತ ಇಬ್ಬರನ್ನೂ ಕೇಳಿದರು.

ತಿಪ್ಪಯ್ಯ ಎದ್ದು ನಿಂತ. ‘ಇನ್ಯಾರೂ ಬ್ಯಾಡ ಸ್ವಾಮಿ. ಅತ್ತಿಗೆನೇ ಬಂದು ಆರಿಸ್ಕಳ್ಲಿ. ಅವ್ರು ಯಾವ್ದು ನಂದು ಅಂತಾರೋ ಅದು ಅವ್ರದ್ದು. ಹನ್ನೊಂದು ಅಂದಾಗ್ಲೇ ನಂಗೂ ಕಡ್ಮಿ ಆಯ್ತು ಅನ್ನಿಸಿತ್ತು, ಬಾಯಿ ಬಿಡ್ಲಿಲ್ಲ. ನಂದೂ ತಪ್ಪೈತೆ.’ ಪ್ರಭುಲಿಂಗ ವಕೀಲರು ಅವನ ಅಂಗಿ ಜಗ್ಗಿದರೂ ಅವನು ಕೂರಲಿಲ್ಲ. ಹಾಗೇ ಆಗಲಿ ಅಂತ ಕೋರ್ಟು ಬರೆದುಕೊಂಡಿತು.

ಅವಳು ಆರಿಸುವ ದಿನ ಮಾರಣ್ಣ ಹೋಗಬೇಕಾಗಿರಲಿಲ್ಲ. ಯಾರೂ ಕರೆದಿರಲಿಲ್ಲ. ಹೋದ. ಹೋಗಿ ರೊಪ್ಪದ ಬೇಲಿಯಾಚೆ ಒಂದು ಮೂಲೆಯಲ್ಲಿ, ಜನರಿಂದ ದೂರ ನಿಂತ. ಮೊದಲು ಅವನನ್ನು ಕಂಡರೆ ಎದ್ದು ನಿಲ್ಲುತ್ತಿದ್ದವರು ಅವತ್ತು ಕೂತೇ ಇದ್ದರು. ಅದು ಸರಿಯಾಗಿಯೇ ಇದೆ ಅನ್ನಿಸಿತು ಅವನಿಗೆ.

ಬರಗೇರಮ್ಮ ರೊಪ್ಪದೊಳಗೆ ಬಂದಳು. ಕುರಿಗಳು ಸುತ್ತ ಮುತ್ತಿಕೊಂಡವು. ಅವಳು ಒಂದರ ಗದ್ದ ಹಿಡಿದು ಎತ್ತಿದಳು. ನೋಡಿದಳು. ಬಿಟ್ಟಳು. ಇನ್ನೊಂದನ್ನು ಹಿಡಿದಳು, ಅದನ್ನೂ ಬಿಟ್ಟಳು. ಗುಮಾಸ್ತ ಪೆನ್ನು ಹಿಡಿದು ಕಾಯುತ್ತಿದ್ದ. ಮೂರನೆಯದರ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತಳು. ಅದು ಗೌರಿ. ಬೇಲಿಯ ಆಚೆಯಿಂದಲೇ ಮಾರಣ್ಣನಿಗೆ ಗೆರೆ ನಿಚ್ಚಳವಾಗಿ ಕಾಣುತ್ತಿತ್ತು. ಕುರಿ ಅವಳ ಕೈ ನೆಕ್ಕುತ್ತಿತ್ತು.

ಬರಗೇರಮ್ಮ ತಲೆ ಎತ್ತಿ ಸುತ್ತ ನೋಡಿದಳು. ಯಾರನ್ನೋ ಹುಡುಕಿದಳು. ಮೂಲೆಯಲ್ಲಿ ನಿಂತಿದ್ದ ಮಾರಣ್ಣ ಕಣ್ಣಿಗೆ ಬಿದ್ದ.

‘ಮಾವ’ ಅಂದಳು. ‘ಇದು ನಂದೇನಾ?’

‘ನಿಂದೇ’ ಅನ್ನುವ ಮಾತು ಮಾರಣ್ಣನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ಹೇಳಿದರೆ ಇವತ್ತು ಇದೊಂದು ಕುರಿ ಅವಳಿಗೆ ಸಿಗುತ್ತದೆ, ಮುಂದಿನದಕ್ಕೂ ಅವಳು ಅವನನ್ನೇ ಕೇಳುತ್ತಾಳೆ, ಅದರ ಮುಂದಿನದಕ್ಕೂ.

‘ನನ್ನ ಕೇಳಬ್ಯಾಡ ತಾಯಿ’ ಅಂದ. ‘ನೀನೇ ನೋಡಿ ಹೇಳು.’

ಅವಳು ಮತ್ತೆ ‘ಮಾವ’ ಅಂದಳು. ಆಗ ಅವನು ರೊಪ್ಪದ ಕಡೆಗೆ ಬೆನ್ನು ತಿರುಗಿಸಿದ. ಕಂಬಳಿಯನ್ನು ತಲೆಯ ಮೇಲಿಂದ ಹೊದ್ದು, ಮುಖ ಮುಚ್ಚಿಕೊಂಡು, ಅಲ್ಲೇ ನೆಲದ ಮೇಲೆ ಕುಕ್ಕರಿಸಿದ. ಬಿಸಿಲು ಏರುತ್ತಿತ್ತು. ಯಾರೋ ಕೆಮ್ಮಿದರು. ವಕೀಲರು ಗಡಿಯಾರ ನೋಡಿಕೊಂಡು ಏನೋ ಗೊಣಗಿದರು. ಅವನು ಹಲ್ಲು ಕಚ್ಚಿ ಕೂತೇ ಇದ್ದ, ತಿರುಗಲಿಲ್ಲ.

ಎಷ್ಟು ಹೊತ್ತಾಯಿತೋ. ಕೊನೆಗೆ ಹಿಂದಿನಿಂದ ಬರಗೇರಮ್ಮನ ದನಿ ಬಂತು. ಅಳುತ್ತಿದ್ದಳು.

‘ಬರ್ಕಳಪ್ಪ’ ಅಂದಳು ಗುಮಾಸ್ತನಿಗೆ. ‘ಇದು ನಂದು.’